ಆರು ಪೌಂಡಿನ ಕಂಪನಿ

ಮನೆಯಲ್ಲಿ ಕೂತು ಕೋಡ್ ಬರೆಯುವ ಹೆಂಗಸರನ್ನೇ ನಂಬಿ 1962ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಾಫ್ಟ್‌ವೇರ್ ಕಂಪನಿ ಹುಟ್ಟಿತು. ಅದನ್ನು ಕಟ್ಟಿದ ಸ್ಟೆಫನಿ ಶರ್ಲಿ ಅವರ ಬದುಕಿನಲ್ಲಿ ಬೆಂಗಳೂರು ಓದಿಕೊಳ್ಳಬೇಕಾದ ಪಾಠಗಳಿವೆ.

1964ರಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಒಂದು ಪುಟ್ಟ ಜಾಹೀರಾತು ಬಂದಿತ್ತು. ಕಂಪ್ಯೂಟರ್ ಪ್ರೋಗ್ರಾಮರ್‌ಗಳು ಬೇಕು, ಉದ್ಯೋಗ ಬಿಟ್ಟು ಮನೆ ಸೇರಿರುವ ಹೆಂಗಸರಿಗೆ ಮನೆಯಲ್ಲೇ ಕೆಲಸ ಉಂಟು, ಅವಕಾಶವೇನೋ ಬಹಳ ಚೆನ್ನಾಗಿದೆ, ಆದರೆ ಸ್ತ್ರೀವಾದ ಕಂಡರಾಗದವರು ಇತ್ತ ತಲೆ ಹಾಕದಿರುವುದೇ ವಾಸಿ ಎಂಬುದು ಅದರ ತಾತ್ಪರ್ಯ. ಹತ್ತು ವರ್ಷ ಕಳೆದು, 1974ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದುತ್ತಿದ್ದ ಹುಬ್ಬಳ್ಳಿಯ ಸುಧಾ ಕುಲಕರ್ಣಿ ಇನ್ನೊಂದು ಜಾಹೀರಾತು ಓದಿದರು. ಟೆಲ್ಕೊ ಕಂಪನಿಗೆ ಎಂಜಿನಿಯರ್‌ಗಳು ಬೇಕಿದ್ದರು. ಹೆಂಗಸರು ಅರ್ಜಿ ಹಾಕಬೇಕಿಲ್ಲ ಎಂದೂ ಅದರಲ್ಲಿತ್ತು. ಅವರು ಜೆ.ಆರ್.ಡಿ. ಟಾಟಾ ಅವರಿಗೇ ಕಾರ್ಡು ಬರೆದದ್ದು, ಕೆಲಸ ಗಿಟ್ಟಿಸಿಕೊಂಡದ್ದು, ಮುಂದೆ ಗಂಡ ಶುರು ಮಾಡಿದ ಇನ್ಫೋಸಿಸ್‌ಗೆ ಹತ್ತು ಸಾವಿರ ರೂಪಾಯಿ ಕೊಟ್ಟದ್ದು ನಮಗೆಲ್ಲ ಬಾಯಿಪಾಠ. ಮೊದಲ ಜಾಹೀರಾತಿನ ಹಿಂದಿದ್ದವರ ಕಥೆ ಮಾತ್ರ ನಮ್ಮ ಕಡೆ ಅಷ್ಟಾಗಿ ಹರಡಿಲ್ಲ.

ಅವರ ಹೆಸರು ಸ್ಟೆಫನಿ ಶರ್ಲಿ. 2025ರ ಆಗಸ್ಟ್‌ನಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರ ಬಗ್ಗೆ ಬರೆದವರೆಲ್ಲ ಎದೆಗಾರಿಕೆಯನ್ನು ಕೊಂಡಾಡಿದ್ದಾರೆ. ಅದು ತಪ್ಪೇನಲ್ಲ. ಆದರೆ ಬರೀ ಎದೆಗಾರಿಕೆಯಿಂದ ಕಂಪನಿಯೊಂದು ಮೂರು ದಶಕ ನಡೆಯುವುದಿಲ್ಲ, ತಿಂಗಳ ಕೊನೆಗೆ ಸಂಬಳ ಹುಟ್ಟುವುದಿಲ್ಲ. ಶರ್ಲಿ ಕೆಲಸದ ಅಳತೆಯನ್ನೇ ಬದಲಿಸಿದರು: ಎಷ್ಟು ಹೊತ್ತು ಕುರ್ಚಿಯಲ್ಲಿ ಕೂತಿರಿ ಎಂದು ಕೇಳುವ ಬದಲು ಏನು ಮುಗಿಸಿಕೊಟ್ಟಿರಿ ಎಂದು ಕೇಳಿದರು. ಉಳಿದದ್ದೆಲ್ಲ ಅದರ ಹಿಂದೆಯೇ ಬಂತು.

ಹತ್ತು ಸಾವಿರ ಮಕ್ಕಳಲ್ಲಿ ಒಬ್ಬರು

ಅವರು ಹುಟ್ಟಿದ್ದು 1933ರ ಸೆಪ್ಟೆಂಬರ್‌ನಲ್ಲಿ, ಜರ್ಮನಿಯ ಡಾರ್ಟ್‌ಮುಂಡ್‌ನಲ್ಲಿ. ಇಟ್ಟ ಹೆಸರು ವೆರಾ ಬುಖ್‌ಥಾಲ್. ತಂದೆ ಯಹೂದಿ, ನ್ಯಾಯಾಧೀಶರು. ಹಿಟ್ಲರ್ ಅಧಿಕಾರಕ್ಕೆ ಬಂದದ್ದೇ ಅವರ ಹುದ್ದೆ ಹೋಯಿತು. ತಾಯಿ ವಿಯೆನ್ನಾದವರು. 1939ರ ಜುಲೈನಲ್ಲಿ, ಯುದ್ಧಕ್ಕೆ ಇನ್ನೆರಡು ತಿಂಗಳೂ ಇಲ್ಲದಿದ್ದಾಗ, ತಾಯ್ತಂದೆ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ವಿಯೆನ್ನಾದಲ್ಲಿ ರೈಲು ಹತ್ತಿಸಿದರು. ಅಕ್ಕ ರೆನಾಟೆಗೆ ಒಂಬತ್ತು ವರ್ಷ, ವೆರಾಗೆ ಐದು. ನಾಜಿಗಳ ಹಿಡಿತದಲ್ಲಿದ್ದ ಊರುಗಳಿಂದ ಸುಮಾರು 10,000 ಮಕ್ಕಳನ್ನು ಬ್ರಿಟನ್ನಿಗೆ ಸಾಗಿಸಿದ ‘ಕಿಂಡರ್‌ಟ್ರಾನ್ಸ್‌ಪೋರ್ಟ್’ ರೈಲುಗಳಲ್ಲಿ ಅದೂ ಒಂದು. ಲಂಡನ್ನಿನ ಲಿವರ್‌ಪೂಲ್ ಸ್ಟ್ರೀಟ್ ನಿಲ್ದಾಣದಲ್ಲಿ ಇಳಿದ ಈ ಮಕ್ಕಳನ್ನು ಮಧ್ಯ ಇಂಗ್ಲೆಂಡಿನ ದಂಪತಿಯೊಂದು ಮನೆಗೆ ಕರೆದೊಯ್ದು ಸಾಕಿತು.

ಹೆತ್ತವರು ಇಬ್ಬರೂ ಬದುಕುಳಿದರು. ಹಾಗಿದ್ದೂ ಅವರೊಂದಿಗೆ ಕರುಳಿನ ನಂಟು ಮತ್ತೆ ಕೂಡಿಬರಲಿಲ್ಲ ಎಂದು ಶರ್ಲಿ ನೇರವಾಗಿ ಹೇಳುತ್ತಿದ್ದರು. ಉಳಿಸಿಕೊಟ್ಟ ಈ ಜೀವ ಉಳಿಸಿದ್ದಕ್ಕೆ ತಕ್ಕುದಾಗಿರಬೇಕು ಎಂಬ ಹಟ ಮಾತ್ರ ಅಂದಿನಿಂದ ಬಿಡಲಿಲ್ಲ. ನಾಳೆ ಇಂದಿನಂತೆಯೇ ಇರುತ್ತದೆ ಎಂಬ ನಂಬಿಕೆ ಐದನೇ ವಯಸ್ಸಿಗೇ ಕಳಚಿಬಿದ್ದದ್ದರಿಂದ ಬದಲಾವಣೆ ಎಂದರೆ ತಮಗೆ ಹೆದರಿಕೆಯೇ ಇಲ್ಲ ಎಂದೂ ಅವರು ಹೇಳಿಕೊಂಡಿದ್ದಾರೆ.

ಗಣಿತದ ಹುಚ್ಚು ಶಾಲೆಯಲ್ಲೇ ಹತ್ತಿತು. ಅವರು ಓದುತ್ತಿದ್ದ ಹುಡುಗಿಯರ ಶಾಲೆಯಲ್ಲಿ ಅವರ ಮಟ್ಟಕ್ಕೆ ಗಣಿತ ಕಲಿಸುವವರಿರಲಿಲ್ಲ. ವಿಶೇಷ ಅನುಮತಿ ಪಡೆದು ಹತ್ತಿರದ ಹುಡುಗರ ಶಾಲೆಗೆ ಪಾಠಕ್ಕೆ ಹೋಗಿಬಂದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಹುಡುಗಿಯರಿಗೆಂದು ಆಗ ಮುಂದಿಟ್ಟ ವಿಜ್ಞಾನವೆಂದರೆ ಸಸ್ಯಶಾಸ್ತ್ರವೊಂದೇ, ಅದು ಅವರಿಗೆ ಬೇಕಿರಲಿಲ್ಲ. 1951ರಲ್ಲಿ ಬ್ರಿಟಿಷ್ ಪೌರತ್ವ ಸಿಕ್ಕಾಗ ಸ್ಟೆಫನಿ ಬ್ರುಕ್ ಎಂದು ಹೆಸರು ಬದಲಿಸಿಕೊಂಡು ನೇರ ದುಡಿಮೆಗೆ ಇಳಿದರು.

ಡಾಲಿಸ್ ಹಿಲ್‌ನ ಗೋಡೆ

ಕೆಲಸ ಸಿಕ್ಕಿದ್ದು ಲಂಡನ್ನಿನ ಡಾಲಿಸ್ ಹಿಲ್‌ನಲ್ಲಿದ್ದ ಅಂಚೆ ಇಲಾಖೆಯ ಸಂಶೋಧನಾ ಕೇಂದ್ರದಲ್ಲಿ. ಅಂಚೆ ಇಲಾಖೆ ಎಂದು ಹಗುರವಾಗಿ ನೋಡುವಂತಿಲ್ಲ. ಯುದ್ಧಕಾಲದಲ್ಲಿ ಜರ್ಮನರ ಸಂಕೇತಗಳನ್ನು ಒಡೆಯಲು ನೆರವಾದ ಕೊಲೋಸಸ್ ಯಂತ್ರವನ್ನು ಟಾಮಿ ಫ್ಲವರ್ಸ್ ತಂಡ ಕಟ್ಟಿದ್ದು ಇಲ್ಲಿಯೇ. ಶರ್ಲಿ ಸೇರಿದಾಗ ಆ ಗುಟ್ಟು ಹೊರಬಿದ್ದಿರಲಿಲ್ಲ. ಸರ್ಕಾರದ ಪ್ರೀಮಿಯಂ ಬಾಂಡ್‌ಗಳಿಗೆ ಬಹುಮಾನದ ಸಂಖ್ಯೆ ಎತ್ತುವ ‘ಎರ್ನಿ’ ಎಂಬ ಯಂತ್ರದ ಯೋಜನೆಯಲ್ಲಿ, ಎಲೆಕ್ಟ್ರಾನಿಕ್ ಟೆಲಿಫೋನ್ ಎಕ್ಸ್‌ಚೇಂಜಿನ ಪ್ರಯೋಗಗಳಲ್ಲಿ ಅವರು ದುಡಿದರು. ಹಗಲು ಕೆಲಸ, ಸಂಜೆ ಕಾಲೇಜು. ಆರು ವರ್ಷ ಹೀಗೆ ನಡೆದು ಗಣಿತದಲ್ಲಿ ಪದವಿ ಕೈಸೇರಿತು.

ಪದವಿ ಬಂದರೂ ಬಡ್ತಿ ಸಲೀಸಾಗಿ ಬರಲಿಲ್ಲ. ಗಂಡಸರ ಮೇಲೆ ಹೆಂಗಸೊಬ್ಬಳು ಅಧಿಕಾರಿಯಾಗುವುದು ಅಲ್ಲಿ ಹಲವರಿಗೆ ನುಂಗಲಾರದ ತುತ್ತಾಗಿತ್ತು. ಅಲ್ಲೇ ಕೆಲಸದಲ್ಲಿದ್ದ ಭೌತವಿಜ್ಞಾನಿ ಡೆರೆಕ್ ಶರ್ಲಿ ಅವರನ್ನು 1959ರಲ್ಲಿ ಮದುವೆಯಾದರು. ಗಂಡಹೆಂಡತಿ ಒಂದೇ ಕಚೇರಿಯಲ್ಲಿ ಇರುವುದು ಆಗಿನ ರೂಢಿಗೆ ಒಗ್ಗುತ್ತಿರಲಿಲ್ಲ. ಅಂಥ ಕಡೆ ಯಾರು ಜಾಗ ಖಾಲಿ ಮಾಡಬೇಕೆಂದು ಕೇಳುವ ಪ್ರಶ್ನೆಯೇ ಇರಲಿಲ್ಲ, ಸ್ಟೆಫನಿ ಹೊರಬಂದರು.

ಮುಂದೆ ಸೇರಿದ್ದು ಐಸಿಟಿ 1301 ಎಂಬ ಕಂಪ್ಯೂಟರನ್ನು ವಿನ್ಯಾಸ ಮಾಡುತ್ತಿದ್ದ ಸಣ್ಣ ಕಂಪನಿಗೆ. ಅಲ್ಲಿನ ವಾತಾವರಣ ಹಿಡಿಸಿತ್ತು. ಆದರೂ ಒಂದು ಸಭೆಯಲ್ಲಿ ಬೆಲೆ ನಿಗದಿಯ ಬಗ್ಗೆ ಸಲಹೆ ಕೊಟ್ಟಾಗ, ನೀವು ತಾಂತ್ರಿಕ ವಿಭಾಗದವರು, ಇದು ನಿಮಗೆ ಸಂಬಂಧಿಸಿದ್ದಲ್ಲ ಎಂಬ ಉತ್ತರ ಬಂತು. ಬೇರೆಯವರ ಕಂಪನಿಯಲ್ಲಿ ತಾವು ಎಲ್ಲಿಯವರೆಗೆ ಹೋಗಬಹುದು ಎಂಬುದು ಅವರಿಗೆ ಅಂದು ಖಚಿತವಾಯಿತು.

ಸ್ಟೀವ್ ಎಂಬ ಸಹಿ

1962ರಲ್ಲಿ, ಚೆಶಮ್ ಎಂಬ ಊರಿನ ಬಳಿಯ ತಮ್ಮ ಮನೆಯ ಊಟದ ಮೇಜಿನ ಮೇಲೆ, ಆರು ಪೌಂಡು ಬಂಡವಾಳದಲ್ಲಿ ‘ಫ್ರೀಲಾನ್ಸ್ ಪ್ರೋಗ್ರಾಮರ್ಸ್’ ಶುರುವಾಯಿತು. ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಕೇಳಿದವರು ನಕ್ಕರು. ನಕ್ಕದ್ದಕ್ಕೆ ಕಾರಣವೂ ಇತ್ತು: ಆಗ ಕಂಪ್ಯೂಟರ್ ಕೊಂಡವರಿಗೆ ಸಾಫ್ಟ್‌ವೇರ್ ಪುಕ್ಕಟೆ ಬರುತ್ತಿತ್ತು. ಐಬಿಎಂ ಸಾಫ್ಟ್‌ವೇರಿಗೆ ಬೇರೆಯಾಗಿ ಬೆಲೆ ಕಟ್ಟುವ ನಿರ್ಧಾರ ಪ್ರಕಟಿಸಿದ್ದು 1969ರಲ್ಲಿ. ಅಂದರೆ ಸಾಫ್ಟ್‌ವೇರನ್ನು ಜಗತ್ತು ಕಾಸು ಕೊಟ್ಟು ಕೊಳ್ಳುವ ಸರಕೆಂದು ಒಪ್ಪುವುದಕ್ಕೆ ಏಳು ವರ್ಷ ಮೊದಲೇ ಶರ್ಲಿ ಅದನ್ನು ಮಾರಲು ಹೊರಟಿದ್ದರು. ಅದೂ ಹೆಂಗಸೊಬ್ಬಳ ಕೈಯಿಂದ ಯಾರು ಕೊಂಡಾರು? ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕಿನಲ್ಲಿ ಖಾತೆ ತೆರೆಯುವುದೂ ಕಷ್ಟವಾಗಿದ್ದ ಕಾಲ ಅದು.

ಕೆಲಸ ಕೇಳಿ ಕಂಪನಿಗಳಿಗೆ ಪತ್ರದ ಮೇಲೆ ಪತ್ರ ಬರೆದರು. ಉತ್ತರವೇ ಇಲ್ಲ. ಹೆಸರು ಬದಲಿಸಿ ನೋಡು ಎಂದವರು ಡೆರೆಕ್. ಮನೆಯಲ್ಲಿ ಕರೆಯುತ್ತಿದ್ದ ‘ಸ್ಟೀವ್’ ಎಂಬ ಹೆಸರಿನಲ್ಲಿ ಸಹಿ ಹಾಕಿದ ಪತ್ರಗಳು ಹೋದವು. ಭೇಟಿಗೆ ಬನ್ನಿ ಎಂಬ ಉತ್ತರಗಳು ಬರತೊಡಗಿದವು. ಸ್ಟೀವ್ ಶರ್ಲಿ ಬರುತ್ತಾರೆಂದು ಕಾದಿದ್ದ ಅಧಿಕಾರಿಗೆ ಎದುರು ಬಂದು ಕೈಕುಲುಕಿದ್ದು ಹೆಂಗಸು ಎಂದು ತಿಳಿಯುವ ಹೊತ್ತಿಗೆ ಮಾತುಕತೆ ಶುರುವಾಗಿಬಿಡುತ್ತಿತ್ತು. ಕೊನೆಯವರೆಗೂ ಅವರನ್ನು ಬಲ್ಲವರೆಲ್ಲ ಕರೆದದ್ದು ಸ್ಟೀವ್ ಎಂದೇ.

1963ರಲ್ಲಿ ಮಗ ಜೈಲ್ಸ್ ಹುಟ್ಟಿದ. ಮಗು ಅಳುವಾಗ ಗ್ರಾಹಕರ ಫೋನ್ ಬಂದರೆ ಟೈಪ್‌ರೈಟರ್ ಸದ್ದು ಮುದ್ರಿಸಿಟ್ಟುಕೊಂಡ ಟೇಪನ್ನು ಹಿನ್ನೆಲೆಯಲ್ಲಿ ಹಾಕುತ್ತಿದ್ದರು. ಆ ಕಡೆಯವರಿಗೆ ಕೇಳಿಸುತ್ತಿದ್ದದ್ದು ಗಡಿಬಿಡಿಯ ಕಚೇರಿ. 1964ರಲ್ಲಿ ‘ಗಾರ್ಡಿಯನ್’ ಪತ್ರಿಕೆ ಈ ಕಂಪನಿಯ ಬಗ್ಗೆ ಬರೆದದ್ದೇ ತಡ, ಕೆಲಸ ಕೇಳಿ ಹೆಂಗಸರ ಪತ್ರಗಳು ಬಂದು ಬಿದ್ದವು. ದೊಡ್ಡ ಕಂಪನಿಗಳಲ್ಲಿ ತರಬೇತಾಗಿ, ಮದುವೆಗೋ ಹೆರಿಗೆಗೋ ಕೆಲಸ ಬಿಟ್ಟ ಪ್ರೋಗ್ರಾಮರ್‌ಗಳು ದೇಶದ ಉದ್ದಗಲಕ್ಕೂ ಅಡುಗೆಮನೆಯಲ್ಲಿದ್ದರು. ಅವರಿಗೆ ತರಬೇತಿ ಕೊಟ್ಟ ಖರ್ಚು ಯಾರದ್ದೋ. ಅವರನ್ನು ಕಳೆದುಕೊಳ್ಳುತ್ತಿದ್ದೇವೆಂಬ ಅರಿವು ಯಾರಿಗೂ ಇರಲಿಲ್ಲ. ಶರ್ಲಿ ಕಂಡುಕೊಂಡ ಬಂಡವಾಳ ಇದು, ಆರು ಪೌಂಡು ಬರೀ ನೆಪ.

ಕಾಗದ, ಪೆನ್ಸಿಲ್, ಅಂಚೆಪೆಟ್ಟಿಗೆ

ಮನೆಯಿಂದ ಕೆಲಸ ಎಂದರೆ ಈಗ ಲ್ಯಾಪ್‌ಟಾಪು, ವೈ-ಫೈ, ಗಂಟೆಗೊಂದು ವಿಡಿಯೊ ಕಾಲ್. ಆ ಹೆಂಗಸರ ಮನೆಯಲ್ಲಿ ಕಂಪ್ಯೂಟರ್ ಇರಲಿಲ್ಲ. ಒಂದು ಕೋಣೆ ತುಂಬುವ ಆ ಯಂತ್ರ ಯಾರ ಮನೆಯಲ್ಲೂ ಇರುವಂತಿರಲಿಲ್ಲ. ಕೆಲಸಕ್ಕೆ ಅರ್ಜಿ ಹಾಕಿದವರನ್ನು ಕಂಪನಿ ಕೇಳುತ್ತಿದ್ದ ಮುಖ್ಯ ಪ್ರಶ್ನೆಗಳಲ್ಲೊಂದು, ನಿಮಗೆ ಟೆಲಿಫೋನ್ ಸೌಕರ್ಯ ಇದೆಯೇ ಎಂಬುದು.

ಕೆಲಸ ಸಾಗುತ್ತಿದ್ದ ಬಗೆ ಹೀಗೆ. ಮೊದಲು ಕಾಗದದ ಮೇಲೆ ಪೆನ್ಸಿಲಿನಿಂದ ಫ್ಲೋಚಾರ್ಟ್ ಬರೆದು, ಯಾವ ಹೆಜ್ಜೆಯ ನಂತರ ಯಾವುದು ಎಂದು ನಕ್ಷೆ ಹಾಕಬೇಕು. ಅದನ್ನು ನೋಡಿಕೊಂಡು ಕೋಡ್ ಬರೆಯಬೇಕು. ಹೆಚ್ಚಾಗಿ ಮೆಷಿನ್ ಕೋಡ್, ಕೆಲವೊಮ್ಮೆ ಬರೀ ಸೊನ್ನೆ-ಒಂದುಗಳ ಬೈನರಿ. ಬರೆದ ಹಾಳೆಗಳನ್ನು ಅಂಚೆಗೆ ಹಾಕಿದರೆ ಅವು ಡೇಟಾ ಕೇಂದ್ರಕ್ಕೆ ಹೋಗಿ ಕಾರ್ಡಿನ ಮೇಲೋ ಕಾಗದದ ಪಟ್ಟಿಯ ಮೇಲೋ ತೂತುಗಳಾಗುತ್ತಿದ್ದವು. ತಪ್ಪಿಲ್ಲವೆಂದು ಖಾತ್ರಿಯಾಗಲು ಇನ್ನೊಮ್ಮೆ ತೂತು ಹೊಡೆದು ತಾಳೆ ನೋಡುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಕಂಪ್ಯೂಟರಿನ ದರ್ಶನ.

ಇಂಥ ಏರ್ಪಾಟಿನಲ್ಲಿ ತಪ್ಪಿಗೆ ಬೆಲೆ ಹೆಚ್ಚು. ಒಂದು ಸಾಲು ಕೆಟ್ಟರೆ ಅದು ಗೊತ್ತಾಗಿ, ಮರಳಿ, ತಿದ್ದಿ, ಮತ್ತೆ ಹೋಗಲು ದಿನಗಳೇ ಬೇಕು. ಪಕ್ಕದ ಮೇಜಿನವರನ್ನು ಕೇಳಿ ಸರಿಪಡಿಸೋಣವೆಂದರೆ ಪಕ್ಕದಲ್ಲಿ ಮೇಜೇ ಇಲ್ಲ. ಮಗುವಿಗೆ ಜ್ವರ ಬಂದು ಒಬ್ಬರು ನಿಲ್ಲಿಸಿದ ಕೆಲಸವನ್ನು ಮೂವತ್ತು ಮೈಲಿ ಆಚೆ ಇನ್ನೊಬ್ಬರು ಎತ್ತಿಕೊಳ್ಳಬೇಕಾದರೆ ಎಲ್ಲವೂ ಬರಹದಲ್ಲಿರಬೇಕು, ಎಲ್ಲರೂ ಒಂದೇ ರೀತಿ ಬರೆದಿರಬೇಕು. ಹಾಗಾಗಿ ಕಂಪನಿ ಶುರುವಿನಿಂದಲೇ ಲಿಖಿತ ಮಾನದಂಡ ಮತ್ತು ಗುಣಮಟ್ಟ ಪರೀಕ್ಷೆಗಳ ಮೇಲೆ ನಿಂತಿತು. ಕಚೇರಿಯಲ್ಲಿ ಕೂತು ಕೆಲಸ ಮಾಡುತ್ತಿದ್ದ ಅನೇಕ ಕಂಪನಿಗಳಿಗೆ ಇಂಥ ಶಿಸ್ತು ಬೇಕೆನಿಸಿರಲಿಲ್ಲ. ಚದುರಿ ಕೂತವರಿಗೆ ಅದಿಲ್ಲದೆ ಗತಿಯಿರಲಿಲ್ಲ.

ಇನ್ನೊಂದು ಉಪಾಯ ಬೆಲೆಯದ್ದು. ಗಂಟೆಗಿಷ್ಟು ಎಂದರೆ ಯಾರು ಯಾವಾಗ ದುಡಿದರು ಎಂಬ ಲೆಕ್ಕವನ್ನು ಗ್ರಾಹಕ ಕೇಳುತ್ತಾನೆ. ಅರೆಕಾಲಿಕವಾಗಿ ದುಡಿಯುವ ಗೃಹಿಣಿಯರ ಪಡೆ ಬಯಲಾಗುತ್ತದೆ. ಶರ್ಲಿ ಇಡೀ ಕೆಲಸಕ್ಕೆ ಇಷ್ಟು ಎಂದು ಒಂದೇ ಬೆಲೆ ಹೇಳಿದರು. ಸಾಫ್ಟ್‌ವೇರ್ ವ್ಯವಹಾರದಲ್ಲಿ ಹೀಗೆ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು. ರಾತ್ರಿ ಹನ್ನೊಂದಕ್ಕೆ ಬರೆದರೋ ಬೆಳಗಿನ ಜಾವ ಬರೆದರೋ ಗ್ರಾಹಕನಿಗೆ ಬೇಕಿಲ್ಲ, ಹೇಳಿದ ದಿನಕ್ಕೆ ಕೈಸೇರಿದರಾಯಿತು. ಆದರೆ ಒಂದೇ ಬೆಲೆ ಹೇಳುವುದು ಬಾಯಿಮಾತಿನಷ್ಟು ಸುಲಭವಲ್ಲ. ಅಂದಾಜು ತಪ್ಪಿದರೆ ನಷ್ಟ ಕಂಪನಿಯದ್ದೇ. ಹೀಗಾಗಿ ಕೆಲಸವನ್ನು ತುಂಡು ತುಂಡಾಗಿ ಒಡೆದು, ಪ್ರತಿಯೊಂದಕ್ಕೂ ಎಷ್ಟು ಶ್ರಮ ಎಂದು ಮೊದಲೇ ಅಳೆಯುವ ವಿದ್ಯೆ ಅಲ್ಲಿ ಪಳಗಿತು.

ಸರಕು ರೈಲುಗಳ ವೇಳಾಪಟ್ಟಿಯಂಥ ಕೆಲಸಗಳು ಹೀಗೆ ಊಟದ ಮೇಜುಗಳ ಮೇಲೆ ಮುಗಿದವು. ಎಲ್ಲಕ್ಕಿಂತ ಹೆಸರಾದದ್ದು ಕಾಂಕರ್ಡ್. 1969ರಲ್ಲಿ ಮೊದಲ ಬಾರಿ ಹಾರಿದ, ಶಬ್ದಕ್ಕಿಂತ ವೇಗದ ಆ ವಿಮಾನದ ಬ್ಲ್ಯಾಕ್ ಬಾಕ್ಸಿಗೆ ಸಂಬಂಧಿಸಿದ ಪ್ರೋಗ್ರಾಮುಗಳನ್ನು ಬರೆದದ್ದು ತಂತಮ್ಮ ಮನೆಗಳಲ್ಲಿದ್ದ ಸುಮಾರು ಮೂವತ್ತು ಹೆಂಗಸರು.

ಗಂಡಸರಿಗೂ ಬಾಗಿಲು

ಮೊದಲ 300 ಮಂದಿಯಲ್ಲಿ ಗಂಡಸರು ಮೂವರೇ. 1975ರಲ್ಲಿ ಬ್ರಿಟನ್ ಲಿಂಗ ತಾರತಮ್ಯ ನಿಷೇಧ ಕಾಯ್ದೆ ತಂದಾಗ, ಹೆಂಗಸರಿಗೇ ಆದ್ಯತೆ ಎಂಬ ಕಂಪನಿಯ ನೀತಿಯೇ ಕಾನೂನುಬಾಹಿರವಾಯಿತು! ಯಾರ ಪರವಾಗಿ ಕಾಯ್ದೆ ಬಂತೋ ಅವರ ಕಂಪನಿಯೇ ಗಂಡಸರಿಗೆ ಬಾಗಿಲು ತೆಗೆಯಬೇಕಾಯಿತು. ಶರ್ಲಿ ಇದನ್ನು ನಗುನಗುತ್ತಲೇ ಹೇಳುತ್ತಿದ್ದರು. ಹೇಳದೇ ಬಿಡಬಾರದ ಇನ್ನೊಂದು ಮಾತೂ ಉಂಟು: ಅವರ ಏರ್ಪಾಟು ಉಪಯೋಗವಾದದ್ದು ಮೊದಲೇ ತರಬೇತಿ ಪಡೆದ, ಫೋನ್ ಇಟ್ಟುಕೊಳ್ಳಬಲ್ಲ ಮಧ್ಯಮ ವರ್ಗದ ಹೆಂಗಸರಿಗೆ. ಕಾರ್ಡುಗಳಿಗೆ ತೂತು ಹೊಡೆಯುವ ಏಕತಾನದ ಕೆಲಸದಲ್ಲಿ ತೊಡಗಿದ್ದ ಸಾವಿರಾರು ಹುಡುಗಿಯರ ಬದುಕು ಇದರಿಂದ ಬದಲಾಗಲಿಲ್ಲ.

1970ರ ದಶಕದ ಆರಂಭದ ಆರ್ಥಿಕ ಹಿಂಜರಿತದಲ್ಲಿ ಕಂಪನಿ ಮುಳುಗುವ ಹಂತಕ್ಕೆ ಬಂದಿತ್ತು. ತಡೆದುಕೊಂಡು ಉಳಿಯಿತು, 1974ರಲ್ಲಿ ‘ಎಫ್ ಇಂಟರ್‌ನ್ಯಾಷನಲ್’ ಎಂಬ ಹೆಸರು ಪಡೆಯಿತು.

ಜೈಲ್ಸ್

ಹೊರಗೆ ಇದೆಲ್ಲ ನಡೆಯುತ್ತಿದ್ದಾಗ ಮನೆಯೊಳಗಿನ ಬದುಕು ಬೇರೆಯೇ ಆಗಿತ್ತು. ಚೆನ್ನಾಗಿ ಬೆಳೆಯುತ್ತಿದ್ದ ಜೈಲ್ಸ್ ಎರಡೂವರೆ ವರ್ಷಕ್ಕೆ ಕಲಿತ ಮಾತನ್ನೂ ಕಳೆದುಕೊಂಡ. ತೀವ್ರ ಸ್ವರೂಪದ ಆಟಿಸಂ ಎಂದರು ವೈದ್ಯರು. ಮುಂದೆ ಅಪಸ್ಮಾರವೂ ಸೇರಿಕೊಂಡಿತು. ಹದಿಹರೆಯಕ್ಕೆ ಬರುವಷ್ಟರಲ್ಲಿ ಅವನ ಆವೇಶವನ್ನು ತಡೆಯುವುದು ಮನೆಯವರಿಂದ ಆಗದಾಯಿತು. ಶರ್ಲಿ ಸ್ವತಃ ಮಾನಸಿಕವಾಗಿ ಕುಸಿದು ಆಸ್ಪತ್ರೆ ಸೇರಿದರು. ಮಗ ವರ್ಷಗಟ್ಟಲೆ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಇರಬೇಕಾಯಿತು.

ಅವನನ್ನು ಅಲ್ಲಿಂದ ಹೊರತಂದು ಮನೆಯಂಥ ಮನೆಯಲ್ಲಿ ಇರಿಸಬೇಕೆಂಬ ಛಲದಿಂದ ಹುಟ್ಟಿದ್ದು ಕಿಂಗ್‌ವುಡ್ ಎಂಬ ಸೇವಾಸಂಸ್ಥೆ. ಅದರ ಮೊದಲ ನಿವಾಸಿ ಜೈಲ್ಸ್. 1998ರಲ್ಲಿ, 35ನೇ ವಯಸ್ಸಿನಲ್ಲಿ, ಅಪಸ್ಮಾರದ ಹೊಡೆತಕ್ಕೆ ಅವನು ತೀರಿಕೊಂಡ. ಕಂಪನಿಯ ಕಥೆ ಹೇಳುವಾಗ ಇದನ್ನು ಬದಿಗಿಡುವಂತಿಲ್ಲ. ಯಾವ ಹೊತ್ತಿಗೆ ಯಾರ ಮನೆಯಲ್ಲಿ ಏನಾದೀತೋ ಹೇಳಲಾಗದು ಎಂಬುದು ಅವರಿಗೆ ಪುಸ್ತಕದಿಂದ ತಿಳಿದ ವಿಷಯವಾಗಿರಲಿಲ್ಲ.

ಪಾಲು ಹಂಚಿದ ಲೆಕ್ಕ

ಸಾಫ್ಟ್‌ವೇರ್ ಕಂಪನಿಯ ಆಸ್ತಿ ಎಂದರೆ ಅದರ ಜನ. ಹಾಗಿದ್ದ ಮೇಲೆ ಕಂಪನಿಯೂ ಅವರದ್ದಾಗಬೇಕು ಎಂದು ಶರ್ಲಿ ಹೇಳಿದ್ದಷ್ಟೇ ಅಲ್ಲ, ಮಾಡಿದರು. 1980ರ ದಶಕದಿಂದ ತಮ್ಮ ಷೇರುಗಳನ್ನು ನೌಕರರಿಗೆ ಹಂಚತೊಡಗಿದರು. ಕಂಪನಿಯ ಕಾಲುಭಾಗ ನೌಕರರ ಕೈಗೆ ಬರಲು ಹನ್ನೊಂದು ವರ್ಷ ಹಿಡಿಯಿತು. 1985ರಲ್ಲಿ ಹಿಲರಿ ಕ್ರಾಪರ್ ಅವರ ಕೈಗೆ ದೈನಂದಿನ ಆಡಳಿತ ಕೊಟ್ಟರು. 1993ರಲ್ಲಿ ತಾವು ನಿವೃತ್ತರಾದರು. ‘ಎಫ್‌ಐ ಗ್ರೂಪ್’ ಎಂಬ ಹೆಸರಿನಲ್ಲಿ ಕಂಪನಿ 1996ರಲ್ಲಿ ಲಂಡನ್ ಷೇರುಪೇಟೆ ಪ್ರವೇಶಿಸಿತು. ಮೌಲ್ಯ ಏರುತ್ತ ಹೋಗಿ ಒಂದು ಹಂತದಲ್ಲಿ 300 ಕೋಟಿ ಡಾಲರ್ ದಾಟಿತು. ಒಂದು ಕಾಲಕ್ಕೆ ಮನೆಯಲ್ಲಿ ಕೋಡ್ ಬರೆದವರೂ ಸೇರಿದಂತೆ 70 ಮಂದಿ ಲಕ್ಷಾಧಿಪತಿಗಳಾದರು. ಅದೂ ಪೌಂಡುಗಳ ಲೆಕ್ಕದಲ್ಲಿ, ಒಬ್ಬೊಬ್ಬರಿಗೂ ಹತ್ತು ಲಕ್ಷಕ್ಕೆ ಮೇಲೆ.

ಕನ್ನಡಿಗರಿಗೆ ಇದು ಹೊಸದೆನಿಸದು. 1993ರಲ್ಲಿ ಷೇರುಪೇಟೆ ಹೊಕ್ಕ ಇನ್ಫೋಸಿಸ್ ಮರುವರ್ಷ ನೌಕರರಿಗೆ ಷೇರು ಕೊಡುವ ಯೋಜನೆ ತಂದು, ಬೆಂಗಳೂರಿನ ಮಧ್ಯಮ ವರ್ಗದ ಮನೆಗಳಲ್ಲಿ ಸಂಪತ್ತಿನ ಅರ್ಥವನ್ನೇ ಬದಲಿಸಿತು. ಅದಕ್ಕೆ ದಶಕಕ್ಕೂ ಮೊದಲೇ ಇಂಗ್ಲೆಂಡಿನಲ್ಲಿ ಒಬ್ಬ ಸ್ಥಾಪಕಿ ಆ ದಾರಿ ಹಿಡಿದಿದ್ದರು. ಭಾರತದ ಜೊತೆ ಆ ಕಂಪನಿಗೆ ನೇರ ನಂಟೂ ಬೆಳೆಯಿತು. 1990ರ ದಶಕದ ಕೊನೆಗೆ ನೋಯ್ಡಾದ ಒಂದು ಸಾಫ್ಟ್‌ವೇರ್ ಸಂಸ್ಥೆಯನ್ನು ಕೊಂಡ ಅದು, 2001ರಲ್ಲಿ ‘ಝಾನ್ಸಾ’ ಎಂದಾಗಿ ಇಲ್ಲಿ ಸಾವಿರಾರು ಮಂದಿಗೆ ಕೆಲಸ ಕೊಟ್ಟಿತು. 2007ರಲ್ಲಿ ಫ್ರಾನ್ಸಿನ ‘ಸ್ಟೀರಿಯಾ’ ಅದನ್ನು ಖರೀದಿಸಿತು.

ಶರ್ಲಿ ತಮ್ಮ ಪಾಲಿನ ಹಣವನ್ನೂ ಇಟ್ಟುಕೊಳ್ಳಲಿಲ್ಲ. ಸುಮಾರು 7 ಕೋಟಿ ಪೌಂಡುಗಳನ್ನು ದಾನವಾಗಿ ಕೊಟ್ಟರು. ಹೆಚ್ಚಿನದು ಆಟಿಸಂ ಕ್ಷೇತ್ರಕ್ಕೆ: ಕಿಂಗ್‌ವುಡ್, 1999ರಲ್ಲಿ ಆರಂಭವಾದ ಪ್ರಯರ್ಸ್ ಕೋರ್ಟ್ ಎಂಬ ವಸತಿಶಾಲೆ, ಸಂಶೋಧನೆಗೆ ಹಣ ಒದಗಿಸುವ ಆಟಿಸ್ಟಿಕಾ. ಇಂಟರ್‌ನೆಟ್ಟು ಸಮಾಜವನ್ನು ಹೇಗೆ ಬದಲಿಸುತ್ತದೆ ಎಂದು ಅಧ್ಯಯನ ಮಾಡಲು 2001ರಲ್ಲಿ ಆಕ್ಸ್‌ಫರ್ಡ್ ಇಂಟರ್‌ನೆಟ್ ಇನ್ಸ್ಟಿಟ್ಯೂಟ್ ಹುಟ್ಟಿದ್ದು ಅವರ ಪ್ರತಿಷ್ಠಾನದ 1 ಕೋಟಿ ಪೌಂಡಿನಿಂದ. ಬ್ರಿಟಿಷ್ ಕಂಪ್ಯೂಟರ್ ಸೊಸೈಟಿಯ ಮೊದಲ ಮಹಿಳಾ ಅಧ್ಯಕ್ಷೆ, 2000ದಲ್ಲಿ ಡೇಮ್ ಪದವಿ, 2017ರಲ್ಲಿ ಕಂಪ್ಯಾನಿಯನ್ ಆಫ್ ಆನರ್ ಗೌರವ. ನಿರಾಶ್ರಿತೆಯಾಗಿ ಬಂದ ನೆಲದ ದೊಡ್ಡ ಮನ್ನಣೆಗಳೆಲ್ಲ ಅವರಿಗೆ ಸಂದವು.

ಬೆಂಗಳೂರಿಗೆ ಏನು?

2017ರಲ್ಲಿ ತಿದ್ದುಪಡಿಯಾದ ನಮ್ಮ ಹೆರಿಗೆ ಸೌಲಭ್ಯ ಕಾಯ್ದೆ 26 ವಾರಗಳ ರಜೆ ಕೊಟ್ಟಿತು, 50 ಅಥವಾ ಹೆಚ್ಚು ನೌಕರರಿರುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕೆಂದಿತು. ರಜೆ ಮುಗಿದ ಮೇಲೆ ಕೆಲಸದ ಸ್ವರೂಪಕ್ಕೆ ಒಗ್ಗಿದರೆ, ಮಾಲೀಕರೂ ಒಪ್ಪಿದರೆ, ಮನೆಯಿಂದ ದುಡಿಯಬಹುದು ಎಂದೂ ಹೇಳಿತು. ಮೂರು ವರ್ಷಕ್ಕೆ ಕೋವಿಡ್ ಬಂದು, ಸಾಫ್ಟ್‌ವೇರ್ ಕೆಲಸದ ಬಹುಭಾಗ ಮನೆಯಿಂದ ಆಗುತ್ತದೆ ಎಂಬುದನ್ನು ಯಾರ ಒಪ್ಪಿಗೆಯೂ ಕೇಳದೆ ತೋರಿಸಿಕೊಟ್ಟಿತು. ಆಮೇಲೆ? ಕಚೇರಿಗೆ ಬನ್ನಿ ಎಂಬ ಆದೇಶಗಳು ಮರಳಿದವು. ಮನೆಯಲ್ಲಿ ಕೂತವರ ಪರದೆಯ ಮೇಲೆ ಹಸಿರು ದೀಪ ಎಷ್ಟು ಹೊತ್ತು ಉರಿಯಿತು, ಮೌಸು ಎಷ್ಟು ಅಲುಗಾಡಿತು ಎಂದು ಎಣಿಸುವ ತಂತ್ರಾಂಶಗಳು ಬಂದವು. ಕೆಲಸ ಮನೆಗೆ ಹೋಯಿತು, ಅಳತೆಗೋಲು ಕಚೇರಿಯದ್ದೇ ಉಳಿಯಿತು.

ಶರ್ಲಿ ಕಂಪನಿಯನ್ನು ಮಾದರಿ ಎನ್ನುವವರು ಸಾಮಾನ್ಯವಾಗಿ ಅದರ ಸುಲಭದ ಅರ್ಧವನ್ನಷ್ಟೇ ಎತ್ತಿಕೊಳ್ಳುತ್ತಾರೆ: ಬೇಕಾದಾಗ ಕೆಲಸ, ಬೇಕಾದಲ್ಲಿ ಕೆಲಸ. ಕಷ್ಟದ ಅರ್ಧ ಕಂಪನಿ ನಡೆಸುವವರ ಮೇಲೆ ಬೀಳುತ್ತದೆ. ಕೆಲಸವನ್ನು ಸರಿಯಾಗಿ ಒಡೆದು ಕೊಡಬೇಕು, ಎಲ್ಲವನ್ನೂ ಬರೆದಿಡಬೇಕು, ಅಂದಾಜು ತಪ್ಪಿದರೆ ಹೊಣೆ ಹೊರಬೇಕು, ಲಾಭ ಬಂದರೆ ಪಾಲು ಕೊಡಬೇಕು. ಯಾರು ಎಷ್ಟು ಹೊತ್ತಿಗೆ ಲಾಗಿನ್ ಆದರು ಎಂದು ನೋಡುವುದಕ್ಕಿಂತ ಇದು ಎಷ್ಟೋ ಪಟ್ಟು ಶ್ರಮದ ಕೆಲಸ. ಮಗುವಿಗಾಗಿ ಮೂರು ವರ್ಷ ಬಿಡುವು ಪಡೆದ ಎಂಜಿನಿಯರ್ ಮರಳಿ ಬಂದಾಗ ಅವಳ ಅರ್ಜಿಯಲ್ಲಿ ಆ ಮೂರು ವರ್ಷವೇ ಮೊದಲು ಕಣ್ಣಿಗೆ ಬೀಳುವ ಊರಿನಲ್ಲಿ, ತೊಡಕು ಅವಳ ಕೌಶಲದ್ದೋ ನಮ್ಮ ಮೇಲ್ವಿಚಾರಣೆಯ ಸೋಮಾರಿತನದ್ದೋ ಎಂದು ಕೇಳಿಕೊಳ್ಳಬೇಕಾಗಿದೆ. ತಂತ್ರಜ್ಞಾನದ ನೆಪ ಹೇಳುವಂತಿಲ್ಲ. ಅರವತ್ತು ವರ್ಷಗಳ ಹಿಂದೆ ಪೆನ್ಸಿಲು, ಅಂಚೆಚೀಟಿ, ಒಂದು ಫೋನು ಇದ್ದವರು ಇದನ್ನು ಮಾಡಿದ್ದಾರೆ, ಮಾಡಿ ಲಾಭವನ್ನೂ ಗಳಿಸಿದ್ದಾರೆ.